ಐದನೆಯ ಗುಬ್ಬಿ



ಮತ್ತಾಯನ ಶುಭಸಂದೇಶದಲ್ಲಿ ಒಂದು ಕಾಸಿಗೆ ಎರಡು ಗುಬ್ಬಿ. ಲೂಕನಲ್ಲಿ ಎರಡು ಕಾಸಿಗೆ ಐದು. ಐದನೆಯದು ಕೊಸರು, ವ್ಯಾಪಾರಿಯ ಲೆಕ್ಕದಲ್ಲಿ ಅದಕ್ಕೆ ಬೆಲೆಯಿಲ್ಲ. ದೇವರು ಅದನ್ನೂ ಮರೆಯುವುದಿಲ್ಲ ಎಂದರು ಯೇಸುಸ್ವಾಮಿ.

ನಮ್ಮ ನಗರದಲ್ಲಿ ಆ ಗುಬ್ಬಿಯ ಗತಿಯೇನು? ಜನಸಾಮಾನ್ಯರು ಬರೆದಿಟ್ಟ ಹಕ್ಕಿಪಟ್ಟಿಗಳಿಂದ ಸಿದ್ಧವಾದ 2020ರ ರಾಷ್ಟ್ರೀಯ ಪಕ್ಷಿ ವರದಿಯು, ದೇಶದಲ್ಲಿ ಗುಬ್ಬಿ ಒಟ್ಟಾರೆ ಸ್ಥಿರವಾಗಿದ್ದರೂ ಬೆಂಗಳೂರಿನಂಥ ಮಹಾನಗರಗಳಲ್ಲಿ ಕಡಿಮೆಯಾಗಿದೆ ಎಂದಿತು.

ಪ್ರತಿ ಫೆಬ್ರವರಿಯ ಹಿತ್ತಲ ಹಕ್ಕಿ ಎಣಿಕೆಗೆ 15 ನಿಮಿಷ ಸಾಕು. ರಾಜಾಜಿನಗರದ ತಾರಸಿಯಾಗಲಿ, ಕೆಂಗೇರಿಯ ಕೆರೆದಂಡೆಯಾಗಲಿ, ಮಕ್ಕಳೊಡನೆ ನಿಂತು ಕಂಡ ಹಕ್ಕಿಗಳನ್ನೆಲ್ಲ ಎಣಿಸಿ, ಇ-ಬರ್ಡ್‌ನಲ್ಲಿ ದಾಖಲಿಸಿ. ಕಾಣದ ಗುಬ್ಬಿಯನ್ನು ಪ್ರೀತಿಗಾಗಿಯೂ ಸೇರಿಸಬೇಡಿ. ಪೂರ್ಣ ಪಟ್ಟಿಯಲ್ಲಿ ಅದು ಇಲ್ಲದಿರುವುದೂ ಸತ್ಯಸಾಕ್ಷಿಯೇ.

ತಂದೆ ಮರೆಯದ ಜೀವವನ್ನು ಮಕ್ಕಳಾದ ನಾವು ಮರೆಯದಿರೋಣ.