ಹೊತ್ತು ತಂದವನ ಭಾರ

ಧೀರನಾದವನ ಮನಸ್ಸು ಕಲಕಬಹುದೇ ಎಂಬ ಪ್ರಶ್ನೆಗೆ ಲೋಕವು ಅವಸರದಲ್ಲಿಯೇ ಉತ್ತರ ಕೊಟ್ಟುಬಿಡುವುದು. ಕಲಕಿದರೆ ಅವನು ಧೀರನೇ ಅಲ್ಲವೆಂಬುದು ಅದರ ತೀರ್ಪು. ಗುಡ್ಡ ಕುಸಿದ ಕೆಸರಿನಲ್ಲಿ, ಕಾಡಿನ ಕಣಿವೆಯಲ್ಲಿ, ಹಿಮದ ಇಳಿಜಾರಿನಲ್ಲಿ ಸಿಕ್ಕಿಕೊಂಡವರನ್ನು ಕಾಪಾಡಲು ಹೋಗುವವರ ಬಾಳನ್ನು ಸಮೀಪದಿಂದ ನೋಡಿದವರು ಈ ತೀರ್ಪನ್ನು ಅಷ್ಟು ಸುಲಭವಾಗಿ ಒಪ್ಪಲಾರರು.

೨೦೨೪ನೆಯ ಇಸವಿ ಜುಲೈ ೩೦ರಂದು, ಇನ್ನೂ ಬೆಳಕು ಹರಿಯುವ ಮೊದಲೇ, ನೆರೆಯ ಕೇರಳದ ವಯನಾಡಿನಲ್ಲಿ ಬೆಟ್ಟವು ಕುಸಿದು ಮುಂಡಕ್ಕೈ, ಚೂರಲ್‌ಮಲ ಮೊದಲಾದ ಊರುಗಳ ಮೇಲೆ ಹರಿದುಬಂದಿತು. ಇನ್ನೂರಕ್ಕೂ ಹೆಚ್ಚು ಜನರು ಅಸುನೀಗಿದರು. ಹೊಳೆಯ ಸೇತುವೆ ಕೊಚ್ಚಿಹೋದುದರಿಂದ, ಬೆಂಗಳೂರಿನಲ್ಲಿ ನೆಲೆಯುಳ್ಳ ಮದ್ರಾಸ್ ಎಂಜಿನಿಯರ್ ಗ್ರೂಪಿನ ಯೋಧರು ೧೯೦ ಅಡಿ ಉದ್ದದ ಬೈಲಿ ಸೇತುವೆಯನ್ನು ಕಟ್ಟಿ ಆಗಸ್ಟ್ ೧ರಂದು ಮುಗಿಸಿದರು. ಅಟ್ಟಮಲದ ಕಾಡಿನಲ್ಲಿ ಬಂಡೆಯ ಗವಿಯೊಂದರಲ್ಲಿ ಹಸಿದು ಕುಳಿತಿದ್ದ ಎಳೆಯ ಮಕ್ಕಳನ್ನು ಅರಣ್ಯ ಇಲಾಖೆಯವರು ಬಟ್ಟೆಯಿಂದ ತಮ್ಮ ಮೈಗೆ ಕಟ್ಟಿಕೊಂಡು ಹೊತ್ತು ತಂದರು. ಆ ಚಿತ್ರವನ್ನು ನೋಡಿ ದೇಶವೇ ಮೆಚ್ಚಿತು, ಮೆಚ್ಚತಕ್ಕದ್ದೇ. ಅವೇ ದಿನಗಳಲ್ಲಿ ಚಾಲಿಯಾರ್ ನದಿಯ ಗುಂಟ, ನಿಲಂಬೂರಿನ ಕಾಡುಗಳವರೆಗೆ, ಬೇರೆ ಕೆಲವರು ಹುಡುಕುತ್ತ ನಡೆದಿದ್ದರು. ಅವರ ಕೈಗೆ ಸಿಕ್ಕಿದ್ದು ಹೆಣ; ಎಷ್ಟೋ ಸಲ ಹೆಣದ ಒಂದು ಭಾಗ ಮಾತ್ರ. ಗುರುತು ಹತ್ತದ ದೇಹಗಳನ್ನು ಪುತ್ತುಮಲದಲ್ಲಿ ಹೆಸರಿಗೆ ಬದಲಾಗಿ ಸಂಖ್ಯೆಯನ್ನಿಟ್ಟು ಮಣ್ಣು ಮಾಡಲಾಯಿತು. ಮಗುವನ್ನು ಹೊತ್ತು ತಂದವನದೂ ಹೆಣವನ್ನು ಹೊತ್ತು ತಂದವನದೂ ಒಂದೇ ಕಾಯಕ. ಆದರೆ ಮನೆಗೆ ಮರಳುವಾಗ ಅವರ ಹೆಗಲ ಮೇಲಿದ್ದ ಭಾರ ಒಂದೇ ಆಗಿರಲಾರದು.

ಈ ಭಾರವು ಭಯದಿಂದ ಬಂದುದೆಂದು ಜನರು ತಿಳಿಯುವರು. ಭಯದ ಪಾಲು ಇದ್ದರೂ ಅದಕ್ಕಿಂತ ದೊಡ್ಡ ಪಾಲು ಅಂತಃಸಾಕ್ಷಿಯದು. ಬೆಟ್ಟಗಾಡಿನ ರಕ್ಷಣಾಕಾರ್ಯದಲ್ಲಿ ಕಠಿಣವಾದ ನಿಯಮವೊಂದುಂಟು: ರಕ್ಷಕನು ಮೊದಲು ತನ್ನ ಜೀವವನ್ನು ಕಾಪಾಡಿಕೊಳ್ಳಬೇಕು. ಕತ್ತಲಾದರೆ, ಹೊಳೆ ಏರಿದರೆ, ಮತ್ತೆ ಗುಡ್ಡ ಜರಿಯುವಂತೆ ತೋರಿದರೆ ಹಿಂದಿರುಗಬೇಕು. ಈ ನಿಯಮವು ಹೇಡಿತನವಲ್ಲ. ೨೦೧೩ರ ಜೂನ್ ೨೫ರಂದು ಕೇದಾರದ ಪ್ರವಾಹದ ಸಮಯದಲ್ಲಿ, ಗೌರೀಕುಂಡದ ಬಳಿ ಹೆಲಿಕಾಪ್ಟರೊಂದು ಬಿದ್ದು, ಕಾಪಾಡಲು ಹೋದವರೇ ೨೦ ಮಂದಿ ಮಡಿದರು. ನಿಯಮದ ಬೆಲೆ ಏನೆಂಬುದು ಅಂಥಲ್ಲಿ ತಿಳಿಯುವುದು. ಆದರೂ ಸಂಜೆಗೆ ಹಿಂದಿರುಗಿದವನ ಕಿವಿಯಲ್ಲಿ ಒಂದು ಮಾತು ಉಳಿದುಬಿಡುತ್ತದೆ: ಇನ್ನೊಂದು ಗಳಿಗೆ ಹುಡುಕಿದ್ದರೆ?

ಇಲ್ಲಿ ಎರಡನ್ನು ಬೇರ್ಪಡಿಸಿ ನೋಡಬೇಕು. ಪಶ್ಚಾತ್ತಾಪವು ತಪ್ಪು ಮಾಡಿದವನಿಗೆ ಸಲ್ಲತಕ್ಕದ್ದು. ತಪ್ಪು ಮಾಡದೆಯೂ, ಮಾಡಬೇಕಾದುದನ್ನೆಲ್ಲ ಮಾಡಿಯೂ, ಫಲ ದೊರೆಯದಾಗ ಉಂಟಾಗುವುದು ಸಂತಾಪ. ದಯೆಯಿಲ್ಲದವನಿಗೆ ಅದು ತಟ್ಟುವುದೇ ಇಲ್ಲ. ಅನರ್ಥವಾಗುವುದು ಸಂತಾಪವು ಪಶ್ಚಾತ್ತಾಪದ ವೇಷ ತೊಟ್ಟು ಬಂದಾಗ. ನಿರಪರಾಧಿಯು ತನ್ನನ್ನು ತಾನೇ ಅಪರಾಧಿಯೆಂದು ಎಣಿಸಿಕೊಳ್ಳತೊಡಗುವನು. ಅಂಥವನಿಗೆ ‘ಧೈರ್ಯ ತಂದುಕೋ’ ಎಂದರೆ, ಅಧೈರ್ಯವೆಂಬ ಇನ್ನೊಂದು ಅಪರಾಧವನ್ನು ಅವನ ಮೇಲೆ ಹೊರಿಸಿದಂತಾಯಿತೇ ಹೊರತು ಬೇರೇನಿಲ್ಲ.

ವೈದ್ಯಶಾಸ್ತ್ರವೂ ಇದನ್ನು ಅರಿಯಲು ತಡಮಾಡಿತು. ಘೋರವನ್ನು ಕಂಡ ಬಳಿಕ ಉಳಿಯುವ ಮನೋವ್ಯಾಧಿಯು ಅಮೆರಿಕದ ಮನೋವೈದ್ಯರ ಸಂಘದ ರೋಗಸೂಚಿಯಲ್ಲಿ ಈಗಿನ ಹೆಸರಿನಿಂದ ಸೇರಿದ್ದು ೧೯೮೦ರಲ್ಲಿ. ದುರಂತವಾದ ಕೂಡಲೇ ಎಲ್ಲರನ್ನೂ ಒಟ್ಟಿಗೆ ಕೂರಿಸಿ ಕಂಡದ್ದನ್ನು ಹೇಳಿಸುವ ಪದ್ಧತಿಯನ್ನು ೧೯೮೩ರಲ್ಲಿ ಜೆಫ್ರಿ ಮಿಚೆಲ್ ಎಂಬವರು ಮುಂದಿಟ್ಟರು. ಅದು ಬಹುದೇಶಗಳಲ್ಲಿ ಹಬ್ಬಿತು. ಆದರೆ ಹಲವು ಪ್ರಯೋಗಗಳನ್ನು ಒಟ್ಟುಗೂಡಿಸಿ ೨೦೦೨ರಲ್ಲಿ ಮಾಡಿದ ಪರಿಶೀಲನೆಯಲ್ಲಿ, ಘೋರವನ್ನು ಅನುಭವಿಸಿದವರನ್ನು ಒಮ್ಮೆ ಕೂರಿಸಿ ಹೀಗೆ ಹೇಳಿಸುವುದರಿಂದ ವ್ಯಾಧಿ ತಪ್ಪುವುದಿಲ್ಲವೆಂದು ಕಂಡುಬಂದಿತು. ಬಲವಂತದಿಂದ ಹಾಗೆ ಮಾಡುವುದನ್ನು ಬಿಡಬೇಕೆಂದು ಆ ಪರಿಶೀಲಕರು ಹೇಳಿದರು. ಹಸಿ ಗಾಯದ ಕಟ್ಟನ್ನು ಊರೆಲ್ಲ ನೋಡುವಂತೆ ಬಿಚ್ಚಿಸಬಾರದಲ್ಲವೇ! ವಿಶ್ವ ಆರೋಗ್ಯ ಸಂಸ್ಥೆಯು ೨೦೧೧ರಲ್ಲಿ ಹೊರತಂದ ಕೈಪಿಡಿಯ ಮಾರ್ಗವು ಸೌಮ್ಯವಾದುದು: ನೋಡುವುದು, ಆಲಿಸುವುದು, ನೆರವಿನೊಡನೆ ಜೋಡಿಸುವುದು. ಅಮೆರಿಕದ ಬೆಟ್ಟರಕ್ಷಕರಲ್ಲಿ ಕೆಲವು ತಂಡಗಳು ಸೇನೆಯಿಂದ ಬಂದ ಇನ್ನೊಂದು ಉಪಾಯವನ್ನು ಬಳಸುತ್ತವೆ. ಮನಸ್ಸಿನ ಸ್ಥಿತಿಯನ್ನು ಹಸಿರು, ಹಳದಿ, ಕಿತ್ತಳೆ, ಕೆಂಪು ಎಂದು ನಾಲ್ಕು ಬಣ್ಣಗಳಲ್ಲಿ ಹೇಳಿಕೊಳ್ಳುವುದು. ತಂಡದ ಹಿರಿಯನೇ ಮೊದಲು ‘ಈ ದಿನ ನನ್ನದು ಹಳದಿ’ ಎಂದರೆ ಕಿರಿಯನಿಗೆ ನಾಚಿಕೆ ಉಳಿಯದು. ವ್ಯಥೆಯನ್ನು ವರ್ಣಿಸಲಾರದವನಿಗೂ ಒಂದು ಬಣ್ಣವನ್ನು ಹೇಳುವಷ್ಟು ಬಾಯಿ ಬಂದೀತು.

ಇಷ್ಟು ಮೃದುವಾದರೆ ಕೆಲಸ ಕೆಡುವುದೆಂದು ಆಕ್ಷೇಪಿಸುವವರು ಉಂಟು. ಸಮಚಿತ್ತವೆಂದರೆ ಕಲ್ಲಾಗುವುದೆಂದು ಅವರು ಭಾವಿಸಿದಂತಿದೆ. ದಾಸೋಹದ ಮನೆಯಲ್ಲಿ ಬಡಿಸುವವನೂ ಕಡೆಯ ಪಂಕ್ತಿಯಲ್ಲಿ ಕುಳಿತು ಉಣ್ಣತಕ್ಕವನೇ. ಅವನು ಉಪವಾಸವಿದ್ದು ಬಡಿಸಿದರೆ ನಾಲ್ಕನೆಯ ದಿನ ಸೌಟು ಕೈಜಾರುವುದು. ಸರದಿಯ ಮೇಲೆ ದುಡಿತ, ನಿದ್ರೆ, ಬಿಸಿ ಊಟ, ಇವು ಉಪಚಾರಗಳಲ್ಲ, ಕೆಲಸದ ಅಂಗಗಳೇ. ಶೋಧವನ್ನು ನಿಲ್ಲಿಸುವ ನಿರ್ಣಯವನ್ನು ಹಲವರು ಕೂಡಿ ಮಾಡಿ ಎಲ್ಲರೆದುರು ಹೇಳುವುದೂ ಹಾಗೆಯೇ; ಆಗ ಅದು ಒಬ್ಬನ ಅಂತಃಸಾಕ್ಷಿಯ ಮೇಲೆಯೇ ಕೂರುವುದಿಲ್ಲ. ಸೈನಿಕನಿಗಾದರೂ ಒಂದು ದಳವುಂಟು, ರಜೆಯುಂಟು. ಹಗ್ಗ ಹಿಡಿದು ಓಡಿಬಂದ ಊರಿನ ತರುಣನಿಗೆ ಅದಾವುದೂ ಇಲ್ಲ. ಅವನು ಎತ್ತಿದ ಹೆಣ ನೆರೆಮನೆಯವರದೇ ಆಗಿರಬಹುದು. ಮರುದಿನ ಅವನು ಅದೇ ದಾರಿಯಲ್ಲಿ ತೋಟಕ್ಕೆ ಹೋಗಬೇಕು.

ಅವನ ಪಾಲಿಗೆ ಉಳಿದಿರುವುದು ಮನೆಯವರು ಮಾತ್ರ. ಅಲ್ಲಿಯಾದರೂ ‘ಎಷ್ಟು ಹೆಣ ನೋಡಿದೆ, ಹೇಗಿತ್ತು?’ ಎಂದು ಕೇಳದಿರುವುದು ಒಳ್ಳೆಯದು. ಕುತೂಹಲವು ಎಷ್ಟೋ ಸಲ ಕನಿಕರದ ಮಾತನ್ನಾಡುತ್ತ ಬರುವುದು. ನೀರು ಕಾಯಿಸಿ, ಉಣಬಡಿಸಿ, ಹತ್ತಿರ ಕುಳಿತಿದ್ದರೆ ಹೇಳಬೇಕೆನಿಸಿದಾಗ ಅವನೇ ಹೇಳುವನು. ಹೇಳದಿದ್ದರೂ ಕುಳಿತಿರಬೇಕು. ತಿಂಗಳು ಕಳೆದರೂ ನಿದ್ರೆ ಬಾರದೆ, ಸಣ್ಣ ಮಾತಿಗೆ ಸಿಟ್ಟು ಬಂದು, ಕುಡಿತ ಹತ್ತಿ, ಹೊಳೆಯ ಕಡೆಯ ದಾರಿಯನ್ನೇ ಬಿಟ್ಟರೆ ವೈದ್ಯರಲ್ಲಿಗೆ ಕರೆದೊಯ್ಯಬೇಕು. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯ ಮುಂದಾಳುತನದಲ್ಲಿ ೨೦೨೨ರ ಅಕ್ಟೋಬರಿನಿಂದ ನಡೆಯುತ್ತಿರುವ ಟೆಲಿ-ಮಾನಸ್ ಎಂಬ ದೂರವಾಣಿ ಸೇವೆಯಲ್ಲಿ, ೧೪೪೧೬ ಎಂಬ ಸಂಖ್ಯೆಗೆ ಕರೆ ಮಾಡಿ ಹಣ ತೆರದೆ ಕನ್ನಡದಲ್ಲಿಯೇ ಮಾತನಾಡಬಹುದು. ಮರುವರ್ಷ ಮಳೆ ಹಿಡಿದಾಗ, ಊರೆಲ್ಲ ಆ ಸಂಗತಿಯನ್ನು ಮರೆತಿರುವ ಹೊತ್ತಿನಲ್ಲಿ, ಅವನು ರಾತ್ರಿ ಎದ್ದು ಜಗುಲಿಯಲ್ಲಿ ಕುಳಿತಿದ್ದರೆ ಮನೆಯಲ್ಲೊಬ್ಬರು ಎಚ್ಚರವಿರಬೇಕಾಗುವುದು.