ಮಕ್ಕಳ ನಡೆಗೆ ತಕ್ಕ ಗಂಟು



ಯಾಕೋಬನು ಹೆಂಡಿರು ಮಕ್ಕಳ ಸಹಿತ ಸ್ವದೇಶಕ್ಕೆ ಹಿಂತಿರುಗುತ್ತಿರುವಾಗ ಅಣ್ಣನಾದ ಏಸಾವನು ಎದುರುಗೊಂಡು, ಕೂಡಿ ಪ್ರಯಾಣ ಮಾಡೋಣವೆಂದು ಕರೆದ ಸಂಗತಿಯು ಆದಿಕಾಂಡದ 33ನೇ ಅಧ್ಯಾಯದಲ್ಲಿ ಬರೆದಿರುತ್ತದೆ. ಯಾಕೋಬನು ಒಪ್ಪಲಿಲ್ಲ. ತನ್ನ ಮಕ್ಕಳು ಎಳೆಯವರೆಂದೂ, ಹಿಂಡನ್ನು ಒಂದೇ ದಿವಸ ಹೆಚ್ಚಾಗಿ ಓಡಿಸಿದರೆ ಸತ್ತುಹೋದೀತೆಂದೂ, ಅವುಗಳ ನಡೆಗೂ ಮಕ್ಕಳ ನಡೆಗೂ ತಕ್ಕಂತೆ ತಾನು ಮೆಲ್ಲನೆ ಬರುವೆನೆಂದೂ ಉತ್ತರ ಕೊಟ್ಟನು. ಅಣ್ಣನಿಂದ ಬಿಡಿಸಿಕೊಳ್ಳುವ ಉಪಾಯವೂ ಅದರಲ್ಲಿ ಇದ್ದೀತು. ಅವನು ಸೇಯೀರಿಗೆ ಹೋಗದೆ ಸುಕ್ಕೋತಿಗೆ ಹೋದನಷ್ಟೆ. ಆದರೂ ಆಡಿದ ಮಾತು ತಂದೆಗೆ ತಕ್ಕ ಮಾತು.

ಬೇಸಿಗೆಯ ರಜೆಯಲ್ಲಿ ಹಳಿಯಾಳದಿಂದ ದಾಂಡೇಲಿಗೆ, ಮುಂಡಗೋಡದಿಂದ ಜೋಯಿಡಾದ ಕಡೆಗೆ ನಾವು ನಂಟರ ಮನೆಗೆ ಹೊರಡುತ್ತೇವೆ. ಆಗ ಮನೆಯಲ್ಲಿ ಕಟ್ಟುವ ಗಂಟು ಯಾರ ನಡೆಗೆ ತಕ್ಕದ್ದು? ಮದುವೆಯಲ್ಲಿ ಉಡುವ ಸೀರೆಗಳು ನಾಲ್ಕು, ಕಡ ತಂದ ಸರ ಒಂದು. ಕೂಸಿಗೆ ಕುಡಿಯುವ ನೀರು ಮಾತ್ರ ಮರೆತುಹೋಗುತ್ತದೆ. ಬಸ್ಸಿನಲ್ಲಿ ಚೀಲವು ಆಸನದ ಮೇಲೆ ಕೂತಿರುತ್ತದೆ, ಮಗು ನಿಂತಿರುತ್ತದೆ. ಯೋಸೇಫನ ಕಾಲದಲ್ಲಿ ಫರೋಹನು ಬಂಡಿಗಳನ್ನು ಕಳುಹಿಸಿದ್ದು ಮಕ್ಕಳಿಗೂ ಹೆಂಗಸರಿಗೂ. ಮನೆಯ ಸಾಮಾನಿಗಾಗಿ ಚಿಂತಿಸಬೇಡಿರೆಂದು ಅವನು ಹೇಳಿಸಿದನು. ಆ ಅನ್ಯ ಅರಸನಿಗೆ ಇದ್ದ ವಿವೇಕ ನಮಗಿಲ್ಲವೋ?

ನಮ್ಮ ನೆರೆಯವರನ್ನೂ ನೋಡಿರಿ. ಜೋಯಿಡಾ ತಾಲೂಕಿನ ಉಳವಿಯ ಜಾತ್ರೆಗೆ ಬಯಲುಸೀಮೆಯ ರೈತರು ಚಕ್ಕಡಿ ಹೂಡಿಕೊಂಡು ಬರುತ್ತಾರೆ. ಅವರ ಭಕ್ತಿಯ ಮಾರ್ಗವು ಬೇರೆ. ಆದರೆ ಅವರು ತಮಗೆ ರೊಟ್ಟಿಯನ್ನು ಕಟ್ಟಿಕೊಳ್ಳುವಂತೆಯೇ ಎತ್ತುಗಳಿಗೆ ಮೇವನ್ನೂ ಹೇರಿಕೊಳ್ಳುತ್ತಾರೆ. ಮಾತು ಬಾರದ ಜೀವದ ಹಸಿವೆಯನ್ನು ಮುಂದಾಗಿ ಎಣಿಸುವ ಆ ಬುದ್ಧಿಯು ಕೂಸಿನ ತಾಯಿತಂದೆಗಳಿಗೆ ಬೇಕು.

ಆದಕಾರಣ ಕಾಯಿಸಿ ಆರಿಸಿದ ನೀರನ್ನು ಮೊದಲು ತುಂಬಿರಿ. ದಾರಿಯಲ್ಲಿ ಮಗುವಿಗೆ ವಾಂತಿಭೇದಿಯಾದರೆ ಮೈಯ ನೀರು ಬೇಗನೆ ಬತ್ತುವದು. ಅದರಿಂದಲೇ ಕೂಸುಗಳು ಸಾಯುತ್ತವೆ. ಆರೋಗ್ಯ ಕೇಂದ್ರದಲ್ಲಿ ಸಿಗುವ ಓ.ಆರ್.ಎಸ್. ಪುಡಿಯ ಪೊಟ್ಟಣಗಳನ್ನು ಗಂಟಿನ ಮೇಲ್ಭಾಗದಲ್ಲಿಯೇ ಇಡಿರಿ. ಅದು ಇಲ್ಲದಿದ್ದರೆ ಒಂದು ಲೀಟರ್ ನೀರಿಗೆ ಚಹದ ಚಮಚದಿಂದ ಆರು ಸಮಚಮಚ ಸಕ್ಕರೆ, ಅರ್ಧ ಚಮಚ ಉಪ್ಪು ಕರಗಿಸಿ ಗುಟುಕು ಗುಟುಕಾಗಿ ಕುಡಿಸತಕ್ಕದ್ದು. ಮೊಲೆಯುಣ್ಣುವ ಕೂಸಿಗೆ ಮೊಲೆಹಾಲನ್ನು ನಿಲ್ಲಿಸಬಾರದು. ಮೈತುಂಬ ಮುಚ್ಚುವ ಬಟ್ಟೆಯೂ ಬೇಕು. ದಾಂಡೇಲಿಯಲ್ಲಿ ಕಾಳೀ ನದಿಯನ್ನು ಕಂಡ ಹುಡುಗರು ಕೂಡಲೇ ಇಳಿಯಬಯಸುತ್ತಾರೆ. ಅಲ್ಲಿ ಮೊಸಳೆಗಳಿವೆ, ಬಿಡಬೇಡಿರಿ.

ಯೇಸು ಸ್ವಾಮಿಯು ಹನ್ನೆರಡು ವರುಷದವನಾಗಿದ್ದಾಗ ಏನಾಯಿತೆಂದು ಬಲ್ಲಿರಿ. ಮರಿಯಳೂ ಯೋಸೇಫನೂ ಹುಡುಗನು ನಂಟರ ಗುಂಪಿನಲ್ಲಿ ಇದ್ದಾನೆಂದು ನೆನಸಿ ಒಂದು ದಿವಸದ ಹಾದಿ ನಡೆದರು. ಅಂಥ ಭಕ್ತರೇ ಹಾಗೆ ನೆನಸಿದ ಮೇಲೆ ಸಂತೆಯಂಥ ಬಸ್ ನಿಲ್ದಾಣದಲ್ಲಿ ನಾವು ಎಷ್ಟರವರು? ಚಿಕ್ಕಪ್ಪನ ಸಂಗಡ ಇದ್ದಾನು, ಅಜ್ಜಿಯ ಹತ್ತಿರ ಇದ್ದಾಳು ಎಂಬ ಮಾತು ಸಾಲದು. ಒಂದೊಂದು ಮಗುವಿಗೆ ಒಬ್ಬೊಬ್ಬ ಹಿರಿಯರನ್ನು ಹೆಸರು ಹೇಳಿ ನೇಮಿಸಿರಿ. ಊರಿನ ಹೆಸರನ್ನೂ ತಂದೆಯ ಫೋನ್ ಸಂಖ್ಯೆಯನ್ನೂ ಚೀಟಿಯಲ್ಲಿ ಬರೆದು ಮಗುವಿನ ಕಿಸೆಯೊಳಗೆ ಪಿನ್ನು ಹಾಕಿರಿ.

ರಾಹೇಲಳು ತಂದೆಯ ಮನೆಯ ವಿಗ್ರಹಗಳನ್ನು ಒಂಟೆಯ ತಡಿಯೊಳಗೆ ಬಚ್ಚಿಟ್ಟಂತೆ ನಾವು ಗಂಟಿನ ಅಡಿಯಲ್ಲಿ ಬಚ್ಚಿಡುವದೇನು? ಕೆಲವರು ಬಾಟ್ಲಿಯನ್ನು, ಕೆಲವರು ಹಳೆಯ ಜಗಳವನ್ನು. ನಂಟರ ಅಂಗಳದಲ್ಲಿ ಅದು ಬಿಚ್ಚಿಕೊಂಡಾಗ ನೋಡುತ್ತಾ ನಿಲ್ಲುವವರು ಮಕ್ಕಳೇ.

ನಮ್ಮ ಪ್ರಯಾಣಕ್ಕೆ ಹಿಂತಿರುಗುವ ಮನೆಯುಂಟು. ಇದು ಸಣ್ಣ ಕೃಪೆಯಲ್ಲ. ಕಾಳೀ ನದಿಗೆ 101 ಮೀಟರ್ ಎತ್ತರದ ಅಣೆಕಟ್ಟನ್ನು ಕಟ್ಟಿದ್ದರಿಂದ ಹಳೇ ಸೂಪಾ ಊರು ನೀರಿನಲ್ಲಿ ಮುಳುಗಿತು. ಅಲ್ಲಿಯ ಕುಟುಂಬಗಳು ಮಕ್ಕಳನ್ನು ಕರೆದುಕೊಂಡು ರಾಮನಗರ ಮುಂತಾದ ಕಡೆಗೆ ಹೋಗಿ ನೆಲೆಸಿದವು. 1959ರ ನಂತರ ಸ್ವದೇಶ ಬಿಟ್ಟುಬಂದ ಟಿಬೆಟಿನವರಿಗೆ 1966ರಲ್ಲಿ ಮುಂಡಗೋಡದ ಹತ್ತಿರ ನೆಲೆ ದೊರೆಯಿತು. ಅವರು ಕಟ್ಟಿದ ಗಂಟುಗಳು ಬೇರೆ ತರದವು. ನಾಲ್ಕು ದಿವಸಕ್ಕೆ ಹೊರಡುವ ನಾವು ಮನೆಯನ್ನೆಲ್ಲಾ ಹೊತ್ತುಕೊಳ್ಳುವದೇಕೆ? ಮಕ್ಕಳಿಗೆ ತಮ್ಮ ಸಣ್ಣ ಚೀಲವನ್ನು ತಾವೇ ತುಂಬಲು ಬಿಡಿರಿ. ಒಂದು ಗೋಲಿ, ಒಂದು ಚಿತ್ರದ ಪುಸ್ತಕ ಹೆಚ್ಚಾದರೆ ಬೈಯಬೇಡಿರಿ.

ಇನ್ನೊಂದು ಮಾತು ಉಳಿದದೆ. ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ 1957ರಲ್ಲಿ ಮೊದಲು ಗುರುತಿಸಿದ ಮಂಗನ ಕಾಯಿಲೆಯು ನಮ್ಮ ಜಿಲ್ಲೆಯಲ್ಲಿಯೂ ಕಾಣಿಸಿಕೊಂಡಿರುತ್ತದೆ. ಕಾಡಿನ ಉಣ್ಣೆಹುಳ ಕಚ್ಚುವದರಿಂದ ಅದು ಬರುತ್ತದೆ; ಹೆಚ್ಚಾಗಿ ದಶಂಬರದಿಂದ ಮೇ ತಿಂಗಳ ವರೆಗೆ. ಮಂಗ ಸತ್ತುಬಿದ್ದ ಕಡೆಗೆ ಮಕ್ಕಳನ್ನು ಬಿಡದೆ ಆರೋಗ್ಯ ಕೇಂದ್ರಕ್ಕೆ ತಿಳಿಸಿರಿ. ಸಂಜೆ ಸ್ನಾನ ಮಾಡಿಸುವಾಗ ಕಿವಿಯ ಹಿಂದೆಯೂ ಕಂಕುಳಲ್ಲಿಯೂ ನೋಡಿರಿ. ಮನೆಗೆ ಬಂದ ಮೇಲೆ ಒಂದೆರಡು ವಾರದೊಳಗೆ ಮಗುವಿಗೆ ಜ್ವರ ಬಂದರೆ, ಕಾಡಿಗೆ ಹೋಗಿದ್ದೆವೆಂಬುದನ್ನು ವೈದ್ಯರಿಗೆ ಮೊದಲೇ ಹೇಳಿರಿ.