ಕುಮಾರಪರ್ವತದ ಯಾತ್ರೆ



ಮುಂಬಯಿ, ಪುಣೆ, ಹೈದರಾಬಾದುಗಳಲ್ಲಿ ನೆಲೆಸಿರುವ ನಮ್ಮವರು ಆಶ್ಲೇಷಾಬಲಿಗಾಗಿಯೋ ಸರ್ಪಸಂಸ್ಕಾರಕ್ಕಾಗಿಯೋ ಕುಕ್ಕೆ ಸುಬ್ರಹ್ಮಣ್ಯಕ್ಕೆ ಹೋಗುವುದುಂಟು. ಹಿರಿಯರು ಸೇವೆಯ ಸಂಕಲ್ಪದಲ್ಲಿದ್ದರೆ ಮಕ್ಕಳ ದೃಷ್ಟಿ ಕುಮಾರಪರ್ವತದ ಕಡೆಗೆ. 'ಟ್ರೆಕ್ಕಿಂಗ್ ಮಾಡಿ ಬರುತ್ತೇವೆ' ಎಂದು ಅವರು ಹೊರಟರೆ, ಕ್ಷೇತ್ರಕ್ಕೆ ಬಂದು ವಿನೋದವೇ ಎಂದು ತಂದೆತಾಯಿಗಳು ನೊಂದುಕೊಳ್ಳುತ್ತಾರೆ. ನೊಂದುಕೊಳ್ಳಬೇಕಾಗಿಲ್ಲ. ಗೀತೆಯ ವಿಭೂತಿಯೋಗದಲ್ಲಿ ಭಗವಂತನು ಶಿಖರಗಳಲ್ಲಿ ಮೇರುವನ್ನೂ, ಮರುಶ್ಲೋಕದಲ್ಲಿಯೇ ಸೇನಾನಿಗಳಲ್ಲಿ ಸ್ಕಂದನನ್ನೂ ತನ್ನ ವಿಭೂತಿಯೆಂದು ಹೇಳಿದ್ದಾನೆ. ಆತನು ಪರ್ವತವೂ ಅಲ್ಲ, ಸ್ಕಂದನೂ ಅಲ್ಲ. ಅವರಲ್ಲಿ ನಿಂತು ಅವರಿಗೆ ಆ ಶ್ರೇಷ್ಠತೆಯನ್ನು ಕೊಟ್ಟವನು ಎಂಬುದು ನಮ್ಮ ಸಿದ್ಧಾಂತ. ಇಷ್ಟನ್ನು ಮಗನಿಗೆ ತಿಳಿಸಿ ಕಳುಹಿಸಿದರೆ ಅವನ ಟ್ರೆಕ್ಕಿಂಗೇ ಯಾತ್ರೆಯಾದೀತು.

ಕುಕ್ಕೆಯಿಂದ ಶಿಖರಕ್ಕೆ ಸುಮಾರು 13 ಕಿಲೋಮೀಟರ್ ದೂರ. ದಟ್ಟಡವಿಯ ಕಡಿದಾದ ಏರು, ದಶಕಗಳ ಕಾಲ ದಣಿದವರಿಗೆ ಅನ್ನ ಸಾರು ಬಡಿಸಿದ ಗಿರಿಗದ್ದೆಯ ಭಟ್ಟರ ಮನೆ, ಬಳಿಕ ನೆರಳಿಲ್ಲದ ಹುಲ್ಲುಬೆಟ್ಟ, ಕಲ್ಲುಮಂಟಪ, ಶೇಷಪರ್ವತ, ಕೊನೆಗೆ 1712 ಮೀಟರ್ ಎತ್ತರದ ಕುಮಾರಪರ್ವತ. ಕೊಡಗಿನವರಿಗೆ ಇದೇ ಪುಷ್ಪಗಿರಿ. 1987ರಲ್ಲಿ ವನ್ಯಜೀವಿಧಾಮವೆಂದು ಘೋಷಿತವಾದ ಈ ಅರಣ್ಯವು 2012ರಲ್ಲಿ ಪಶ್ಚಿಮಘಟ್ಟಗಳ ವಿಶ್ವಪರಂಪರೆಯ ತಾಣಗಳಲ್ಲಿ ಸೇರಿತು. ಶ್ರೀಮದಾಚಾರ್ಯರ ಪೂರ್ವಾಶ್ರಮದ ತಮ್ಮಂದಿರಾದ ಶ್ರೀವಿಷ್ಣುತೀರ್ಥರು ಇಂದಿಗೂ ಇಲ್ಲಿ ತಪೋನಿರತರಾಗಿದ್ದಾರೆಂಬುದು ಸಂಪ್ರದಾಯದ ನಂಬಿಕೆ. ಮಹಾತ್ಮರೊಬ್ಬರು ತಪಸ್ಸು ಮಾಡುತ್ತಿರುವ ಮನೆಯಂಗಳದಲ್ಲಿ ಯಾರಾದರೂ ಧ್ವನಿವರ್ಧಕ ಹಚ್ಚಿ ಕುಣಿದಾರೆಯೇ?

ಇನ್ನೊಂದು ಸಂಗತಿಯನ್ನು ನಗರವಾಸಿಗಳು ಗಮನಿಸಬೇಕು. ದೇವರ ದರ್ಶನಕ್ಕೆ ಮುನ್ನ ನಾವು ಮೀಯುವ ಕುಮಾರಧಾರೆ ಹುಟ್ಟುವುದು ಇದೇ ಗಿರಿಸಾಲಿನಲ್ಲಿ. ಹುಲ್ಲುಬೆಟ್ಟಗಳೂ ಅವುಗಳ ಮಡಿಲಿನ ಶೋಲಾ ಕಾಡುಗಳೂ ಮಳೆಯ ನೀರನ್ನು ಹೀರಿಟ್ಟುಕೊಂಡು ಮೆಲ್ಲಮೆಲ್ಲನೆ ಬಿಡುವುದರಿಂದಲೇ ಮಳೆಗಾಲ ಕಳೆದ ಮೇಲೂ ಹೊಳೆಯಲ್ಲಿ ನೀರಿರುತ್ತದೆ. ಅದು ಉಪ್ಪಿನಂಗಡಿಯಲ್ಲಿ ನೇತ್ರಾವತಿಯನ್ನು ಸೇರುತ್ತದೆ. ಮೇಲೆ ಎಸೆದ ಪ್ಲಾಸ್ಟಿಕ್ ಬಾಟಲಿಯನ್ನು ಮಳೆ ಕೆಳಗೆ ಕೊಚ್ಚಿ ತರುವುದು ಈ ತೀರ್ಥಕ್ಕೇ. ಮಡಿಯುಟ್ಟು ಸಂಕಲ್ಪ ಮಾಡುವ ತಂದೆಯ ಕಾಲಬಳಿ ಮಗನೆಸೆದ ಬಾಟಲಿ ತೇಲಿ ಬಂದರೆ ಆ ಸ್ನಾನದ ಗತಿಯೇನು? ಷಣ್ಮುಖಾಕಾರದ ಕಲ್ಲುಗಳನ್ನು ಶಿಖರದಲ್ಲಿ ಹುಡುಕಿ ಪೂಜೆಗೆ ತರುವ ಆಸೆಯೂ ಕೆಲವರಿಗಿದೆ. ಅಭಯಾರಣ್ಯದಿಂದ ಅನುಮತಿಯಿಲ್ಲದೆ ಒಯ್ಯುವುದನ್ನು 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆ ನಿಷೇಧಿಸುತ್ತದೆ. ಕದ್ದು ತಂದ ಕಲ್ಲಿಗೆ ಪೂಜೆಯೆಂದರೆ ಅದೆಂಥ ಪೂಜೆ!

2024ರ ಜನವರಿ ಕೊನೆಯ ರಜೆಗಳಲ್ಲಿ ಈ ಬೆಟ್ಟದಲ್ಲಿ ಜನ ಕಿಕ್ಕಿರಿದು ನೆರೆದುದರಿಂದ ಸರಕಾರವು ಚಾರಣವನ್ನು ತಡೆಹಿಡಿಯಿತು. ಬಳಿಕ ಮುಂಗಡ ನೋಂದಣಿ, ದಿನಕ್ಕೆ ಇಷ್ಟೇ ಜನ ಎಂಬ ಕಟ್ಟುಪಾಡು ಬಂದಿತು. ದೂರದಿಂದ ಬಂದವರಿಗೆ ಇದು ಕಷ್ಟವೇ ಸರಿ. ಎರಡು ದಿನ ರೈಲಿನಲ್ಲಿ ಬಂದು ಠಾಣೆಯಲ್ಲಿ ಹಿಂದಿರುಗಬೇಕಾದ ಹುಡುಗನ ದುಃಖ ನಮಗೆ ಅರ್ಥವಾಗುತ್ತದೆ. ಕಳ್ಳದಾರಿ ತೋರಿಸುತ್ತೇವೆನ್ನುವವರು ಸಿಕ್ಕಿದರೆ ಮನಸ್ಸು ಜಾರುವುದೂ ಸಹಜ.

ಆಗ ಅವನಿಗೆ ಬದರಿಯ ಕಥೆಯನ್ನು ಹೇಳಿರಿ. ಶ್ರೀಮದಾಚಾರ್ಯರು ಕಾಷ್ಠಮೌನವನ್ನೂ ಉಪವಾಸವನ್ನೂ ಆಚರಿಸಿ, ತಮ್ಮ ಇಂಗಿತವನ್ನು ಶಿಷ್ಯರಿಗೆ ಬರೆದು ತಿಳಿಸಿ, ವೇದವ್ಯಾಸರ ಆಶ್ರಮಕ್ಕೆ ಒಬ್ಬರೇ ಹೊರಟರು. ವಿರಹವನ್ನು ತಾಳಲಾರದೆ ಸತ್ಯತೀರ್ಥರು ಹಿಂದೆಯೇ ಓಡಿದರು. ಆಚಾರ್ಯರು ಕೈಸನ್ನೆಯಿಂದ ಅವರನ್ನು ಹಿಂದಿರುಗಿಸಿದರು. ಸತ್ಯತೀರ್ಥರು ಶಿಖರವನ್ನು ಕಾಣಲಿಲ್ಲ. ಆಚಾರ್ಯರು ಮರಳಿ ಬಂದು ನುಡಿದ ಬ್ರಹ್ಮಸೂತ್ರಭಾಷ್ಯವನ್ನು ಬರೆದುಕೊಳ್ಳುವ ಭಾಗ್ಯ ಅವರದಾಯಿತು.

ಬೆಟ್ಟದ ಬುಡದಲ್ಲಿರುವ ಸುಬ್ರಹ್ಮಣ್ಯ ಮಠದಲ್ಲಿ, ಆಚಾರ್ಯರು ವಿಷ್ಣುತೀರ್ಥರಿಗೆ ಅನುಗ್ರಹಿಸಿದ ನರಸಿಂಹ ಸಂಪುಟವನ್ನು ತೆರೆಯದೆಯೇ ಪೂಜಿಸುತ್ತಾ ಬಂದಿದ್ದಾರೆ. ತೆರೆಸಲೆತ್ನಿಸಿದ ಬಲ್ಲಾಳರಾಜನು ಸಂಕಟಕ್ಕೀಡಾದನೆಂದು ಐತಿಹ್ಯ. ಪರವಾನಿಗೆ ದೊರೆಯದ ದಿನ ಮಕ್ಕಳನ್ನು ಆ ಮುಚ್ಚಿದ ಸಂಪುಟದ ಮುಂದೆ ನಿಲ್ಲಿಸಿ ಈ ಕಥೆಯನ್ನೂ ಹೇಳಬಹುದು. ಮಳೆಗಾಲದಲ್ಲಿ ಮಾರ್ಗ ಮುಚ್ಚಿರುತ್ತದೆ. ಆದುದರಿಂದ ಸೇವೆಯ ದಿನವನ್ನು ನಿಶ್ಚಯಿಸುವ ಮೊದಲೇ ಅರಣ್ಯ ಇಲಾಖೆಯ ನೋಂದಣಿಯನ್ನು ವಿಚಾರಿಸಿಕೊಳ್ಳುವುದು ಯುಕ್ತ.